ಆ ಅಪ್ಪ ಕಾದು ನಿಂತ ಹೊತ್ತು

ಸೆಪ್ಟೆಂಬರ್ 2, ಮಂಗಳವಾರ

ಇವತ್ತು ಬೆಳಿಗ್ಗೆ ಮತ್ತೆ ಕಂಡಿತು. ಬೇಸಿಗೆಯಲ್ಲಿ ಮೊದಲ ಸಲ ಕಂಡಾಗ ದಣಿವಿಗೆ ಇರಬೇಕು ಅಂದುಕೊಂಡೆ. ಆಮೇಲೆ ಲಾಂಡ್ರಿಯಲ್ಲಿ ಒದ್ದೆ ಬಟ್ಟೆಯ ಗಾಡಿ ನೂಕಿದ್ದಕ್ಕೆ ಅಂದುಕೊಂಡೆ. ಈಗ ಅಂದುಕೊಳ್ಳೋಕೆ ಏನೂ ಉಳಿದಿಲ್ಲ. ಮುಟ್ಟು ನಿಂತು ವರ್ಷಗಳೇ ಆದ ಹೆಂಗಸಿಗೆ ರಕ್ತ ಬರಬಾರದು. ಅಷ್ಟು ನನಗೂ ಗೊತ್ತು. ಅಮ್ಮನಿಗೂ ಗೊತ್ತಿತ್ತು.

ಅಮ್ಮ ತನ್ನ ಬಟ್ಟೆ ತಾನೇ ಒಗೆದುಕೊಳ್ಳುತ್ತಿದ್ದಳು, ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ನಮಗೆ ತಿಳಿಯುವಷ್ಟರಲ್ಲಿ ಅವಳನ್ನು ಇಬ್ಬರು ಹಿಡಿದು ಕೂರಿಸಬೇಕಾಗಿತ್ತು. ಇಷ್ಟು ದಿನ ಎಲ್ಲಿದ್ರಿ ಅಂತ ಡಾಕ್ಟರು ಅಪ್ಪನನ್ನು ಕೇಳಿದರಂತೆ. ಅಪ್ಪ ಅದಕ್ಕೆ ಏನು ಹೇಳಿದರೋ ಗೊತ್ತಿಲ್ಲ. ಅಮ್ಮ ತೀರಿಕೊಂಡಾಗ ನನಗೆ ಹತ್ತೊಂಬತ್ತು.

ಮನೆಯಲ್ಲಿ ಹೇಳುವ ಹಾಗಿಲ್ಲ. ಸೊಸೆಗೆ ಈಗ ಐದು ತಿಂಗಳು. ಹಿಂದೆ ಎರಡು ಸಲ ಗರ್ಭ ನಿಂತೂ ಇಳಿದುಹೋಗಿದೆ, ಎರಡನೆಯದು ಆರು ತಿಂಗಳು ತುಂಬಿದ ಮೇಲೆ. ಈ ಸಲ ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಅಂದಿದ್ದಾರೆ. ಒಳಕೋಣೆಯಲ್ಲಿ ಕಾಲ ಕೆಳಗೆ ದಿಂಬಿಟ್ಟುಕೊಂಡು ಮಲಗಿರುತ್ತಾಳೆ. ನಾವು ಬೆಕ್ಕಿನ ಹಾಗೆ ಓಡಾಡುತ್ತೇವೆ. ಮಗನಿಗೆ ಸೀನು ಬಂದರೆ ಬಾಗಿಲ ಹೊರಗೆ ಹೋಗಿ ಸೀನಿ ಬರುತ್ತಾನೆ. ಈ ಮನೆಯಲ್ಲಿ ನನ್ನದೊಂದು ಸುದ್ದಿ ತಂದು ಎಲ್ಲಿ ಇಡಲಿ?

ಸೆಪ್ಟೆಂಬರ್ 7, ಭಾನುವಾರ

ಚರ್ಚಿನಲ್ಲಿ ಕೊನೆಯ ಬೆಂಚು ಹಿಡಿದೆ. ಎದ್ದಾಗ ನನ್ನ ಹಿಂದೆ ಯಾರೂ ಇರಬಾರದು, ಅಷ್ಟೇ ಉದ್ದೇಶ. ಹಾಡುವಾಗ ಎಲ್ಲರೂ ನಿಂತರು, ನಾನು ಮಂಡಿನೋವು ಅಂತ ಕೂತೇ ಇದ್ದೆ.

ಹೊರಗೆ ಬರುವಾಗ ಪಾಸ್ಟರಮ್ಮ ಗೇಟಿನಲ್ಲೇ ಹಿಡಿದರು. ಬುಧವಾರದ ಹೆಂಗಸರ ಕೂಟದಲ್ಲಿ ಸುವಾರ್ತೆಯನ್ನು ಸ್ವಲ್ಪ ಸ್ವಲ್ಪವಾಗಿ ಓದುತ್ತ ಬಂದಿದ್ದೇವೆ, ಸರದಿಯ ಮೇಲೆ ಒಬ್ಬೊಬ್ಬರು ಮಾತಾಡಬೇಕು. ಅಕ್ಟೋಬರ್ ಎಂಟಕ್ಕೆ ನನ್ನ ಸರದಿಯಂತೆ. ಯಾವ ಭಾಗ ಅಂತ ಕೇಳಿದೆ. ರಕ್ತಸ್ರಾವದ ಹೆಂಗಸಿನದು ಅಂದರು.

ಇವರಿಗೆ ಹೇಗೆ ಗೊತ್ತಾಯಿತು ಅಂತ ಅವರ ಮುಖವನ್ನೇ ನೋಡಿದೆ. ಮುಖದಲ್ಲಿ ಏನೂ ಇರಲಿಲ್ಲ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದರು. ಬೇರೆ ಭಾಗ ಕೊಡಿ ಅಂದೆ. ನೀವು ಈಗಾಗಲೇ ಎರಡು ಸಲ ತಪ್ಪಿಸಿಕೊಂಡಿದ್ದೀರಿ ಅಂತ ನಕ್ಕು, ಇನ್ನೊಬ್ಬರ ಕಡೆ ತಿರುಗಿದರು.

ಸೆಪ್ಟೆಂಬರ್ 11, ಗುರುವಾರ

ಕೆಲಸದಲ್ಲಿ ತಲೆ ಸುತ್ತಿತು. ನಮ್ಮ ಹೋಟೆಲಿನ ಲಾಂಡ್ರಿ ನೆಲಮಾಳಿಗೆಯಲ್ಲಿದೆ, ಇಸ್ತ್ರಿ ರೋಲರಿನ ಪಕ್ಕ ನಿಂತರೆ ಒಲೆಯ ಬಾಯಲ್ಲಿ ನಿಂತ ಹಾಗೆ. ರೋಲರಿನಿಂದ ಬಂದ ದೊಡ್ಡ ಹಾಸುಬಟ್ಟೆಗಳನ್ನು ಇಬ್ಬರು ಎರಡು ತುದಿ ಹಿಡಿದು ಮಡಿಸಬೇಕು. ನನ್ನ ಎದುರಿಗೆ ಯಾವಾಗಲೂ ಉದ್ದಕ್ಕ. ಅವಳ ಎತ್ತರಕ್ಕೆ ನಾವಿಟ್ಟ ಹೆಸರು ಅದು. ಅವಳು ತುದಿ ತಂದು ನನ್ನ ಕೈಗಿಟ್ಟಳು, ನನ್ನ ಬೆರಳು ಹಿಡಿಯಲಿಲ್ಲ. ಬಟ್ಟೆ ಜಾರಿತು, ನಾನೂ ಜಾರಿದೆ.

ಬೆಳಿಗ್ಗೆ ತಿಂಡಿ ತಿಂದಿಲ್ಲ ಅಂದೆ. ಮೇಲ್ವಿಚಾರಕಿ ಬಂದು ಸಕ್ಕರೆ ನೀರು ಕೊಡಿಸಿದಳು. ಅವಳ ಕೀರಲು ಗಂಟಲಿಗಾಗಿ ಅವಳನ್ನು ನಾವು ಸೀಟಿ ಅಂತ ಕರೆಯೋದು, ಆದರೆ ಇವತ್ತು ಮೆಲ್ಲಗೇ ಮಾತಾಡಿದಳು. ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

ಉದ್ದಕ್ಕ ಏನೂ ಕೇಳಲಿಲ್ಲ. ಕಲೆಯಾದ ಬಟ್ಟೆ ತಣ್ಣೀರಿಗೆ ಹಾಕುವ ಕೆಲಸ ಇವತ್ತು ನನ್ನದಿತ್ತು, ಅದನ್ನು ಅವಳೇ ಮಾಡಿದಳು.

ಸೆಪ್ಟೆಂಬರ್ 14, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಮನೆಯಲ್ಲೇ ಕೂತು ನನ್ನ ಭಾಗ ಓದಿದೆ. ಚಿಕ್ಕವಳಿದ್ದಾಗಿನಿಂದ ಕೇಳಿದ ಕಥೆ. ಇವತ್ತು ಬೇರೆಯವರ ಮನೆಯ ಕಿಟಕಿಯಲ್ಲಿ ಇಣುಕಿದ ಹಾಗಾಯಿತು.

ಯೇಸು ದೋಣಿ ಇಳಿದು ಬಂದಾಗ ಒಬ್ಬ ಬಂದು ಕಾಲಿಗೆ ಬೀಳುತ್ತಾನೆ. ಸಭಾಮಂದಿರದ ಅಧಿಕಾರಿ, ಊರಿಗೇ ದೊಡ್ಡ ಮನುಷ್ಯ. ಹನ್ನೆರಡು ವರ್ಷದ ಮಗಳು ಸಾಯುತ್ತಿದ್ದಾಳೆ, ಬಂದು ಕೈಯಿಡು ಅಂತ ಬೇಡುತ್ತಾನೆ. ಯೇಸು ಹೊರಡುತ್ತಾನೆ. ದಾರಿಯಲ್ಲಿ ಜನ ಮುತ್ತಿಕೊಂಡಿದ್ದಾರೆ. ಆ ಗುಂಪಿನಲ್ಲಿ ಹನ್ನೆರಡು ವರ್ಷದಿಂದ ರಕ್ತ ಹೋಗುತ್ತಿದ್ದ ಹೆಂಗಸೊಬ್ಬಳು ಹಿಂದಿನಿಂದ ಬಂದು ಅವನ ಬಟ್ಟೆ ಮುಟ್ಟುತ್ತಾಳೆ. ರಕ್ತ ನಿಂತುಹೋಗುತ್ತದೆ. ಅಲ್ಲಿಗೆ ಮುಗಿಯಬೇಕಿತ್ತು. ಅವನು ನಿಂತುಬಿಡುತ್ತಾನೆ. ನನ್ನನ್ನು ಮುಟ್ಟಿದ್ದು ಯಾರು ಅಂತ ಕೇಳುತ್ತ ಸುತ್ತ ನೋಡುತ್ತಾನೆ. ಅವಳು ಗಡಗಡ ನಡುಗುತ್ತ ಮುಂದೆ ಬಂದು ಎಲ್ಲವನ್ನೂ ಹೇಳುತ್ತಾಳೆ. ಅವಳು ಹೇಳಿ ಮುಗಿಸುವಷ್ಟರಲ್ಲಿ ಆ ಅಪ್ಪನ ಮನೆಯಿಂದ ಜನ ಬಂದು, ನಿನ್ನ ಮಗಳು ತೀರಿಹೋದಳು ಅನ್ನುತ್ತಾರೆ.

ಎಲ್ಲರಿಗೂ ಈ ಹೆಂಗಸಿನ ಮೇಲೆ ಕನಿಕರ. ನನಗೆ ಇವತ್ತು ಅವಳ ಮೇಲೆ ಸಿಟ್ಟು ಬಂತು. ಹನ್ನೆರಡು ವರ್ಷ ತಡೆದುಕೊಂಡವಳಿಗೆ ಇನ್ನೊಂದು ದಿನ ತಡೆಯೋಕಾಗಲಿಲ್ಲವೇ? ಅತ್ತ ಮಗು ಸಾಯುತ್ತಿದೆ, ಇತ್ತ ಇವಳು ಮಧ್ಯದಾರಿಯಲ್ಲಿ ತನ್ನ ಪುರಾಣ ಬಿಚ್ಚಿದ್ದಾಳೆ. ಆ ಅಪ್ಪ ಅಲ್ಲೇ ನಿಂತು ಕೈ ಹಿಸುಕಿಕೊಳ್ಳುತ್ತಿದ್ದಿರಬೇಕು.

ಒಳಗಿನಿಂದ ಸೊಸೆ ನೀರು ಕೇಳಿದಳು. ಕೊಟ್ಟು ಬಂದೆ. ಹೆರಿಗೆ ಜನವರಿಯಲ್ಲಿ. ಅಲ್ಲಿಯವರೆಗೆ ನಾನು ತುಟಿ ಬಿಚ್ಚುವುದಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಜಾಸ್ತಿಯಾಗಿದೆ. ಕೂತರೂ ಹೆದರಿಕೆ, ಎದ್ದರೂ ಹೆದರಿಕೆ. ಕೂತ ಜಾಗವನ್ನು ತಿರುಗಿ ನೋಡುವುದೇ ಒಂದು ಅಭ್ಯಾಸವಾಗಿದೆ.

ಸೆಪ್ಟೆಂಬರ್ 24, ಬುಧವಾರ

ಸೊಸೆಗೆ ಬೆಳಿಗ್ಗೆ ಹೊಟ್ಟೆನೋವು ಶುರುವಾಯಿತು. ಹೋದ ಸಲವೂ ಹೀಗೇ ಆಗಿತ್ತು. ಮಗ ಅವಳನ್ನು ಎತ್ತಿಕೊಂಡು ಮೆಟ್ಟಿಲಿಳಿದ. ಟ್ಯಾಕ್ಸಿ ಹಿಡಿದೆವು.

ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಕರೆದುಕೊಂಡರು. ನಾನೂ ಮಗನೂ ಹೊರಗಿನ ಕುರ್ಚಿಯಲ್ಲಿ ಕೂತೆವು. ಹಗಲೆಲ್ಲ ಲಿಫ್ಟ್ ರಿಪೇರಿಗೆ ಅದರ ಬಾವಿಯೊಳಗೆ ನೇತಾಡಿಕೊಂಡು ಕೆಲಸ ಮಾಡುವ ಹುಡುಗ, ಕೈಯಲ್ಲಿ ಅವಳ ಚಪ್ಪಲಿ ಹಿಡಿದುಕೊಂಡು ಅಳುತ್ತಿದ್ದ. ನಾನು ದೇವರ ಹತ್ತಿರ ಚೌಕಾಸಿಗೆ ಕೂತೆ. ನನ್ನನ್ನು ಕರಕೋ, ಆ ಮಗುವನ್ನು ಬಿಡು. ನಾನು ಹೇಗೂ ಹೋಗುವವಳೇ. ಇದನ್ನೇ ಜಪದ ಹಾಗೆ ಹೇಳಿಕೊಂಡೆ. ಹೇಳಿಕೊಂಡಷ್ಟೂ ಹೆದರಿಕೆ ಹೆಚ್ಚುತ್ತ ಹೋಯಿತು. ಸಾಯುವುದಕ್ಕೆ ಒಪ್ಪಿಕೊಂಡವಳಿಗೆ ಇಷ್ಟು ಹೆದರಿಕೆ ಯಾಕೆ ಇರಬೇಕು?

ನರ್ಸ್ ಒಬ್ಬಳು ನನ್ನ ಮುಂದೆ ನಿಂತು ನೋಡಿದಳು. "ಮುಖ ಬಿಳಿಚಿಕೊಂಡಿದೆಯಲ್ಲಮ್ಮ. ನಿಮಗೂ ತೋರಿಸ್ಬೇಕಾ?"

ಬೇಡ, ನಾನು ಅವಳ ಜೊತೆಗೆ ಬಂದವಳು ಅಂದೆ. ಹೆಂಗಸರ ಡಾಕ್ಟರ ಬಾಗಿಲು ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇತ್ತು.

ಸಂಜೆ ನೋವು ನಿಂತಿತು. ಮಗು ಹುಷಾರಾಗಿದೆ ಅಂದರು. ಮಗ ನನ್ನ ಭುಜಕ್ಕೆ ತಲೆಯಿಟ್ಟು, ನೀನು ಜೊತೆಗಿದ್ದರೆ ನನಗೆ ಹೆದರಿಕೆಯೇ ಆಗಲ್ಲಮ್ಮ ಅಂದ.

ಸೆಪ್ಟೆಂಬರ್ 28, ಭಾನುವಾರ

ದಿನವಿಡೀ ಮಲಗಿದವಳಿಗೆ ಮನೆಯ ಸದ್ದೆಲ್ಲ ಕೇಳಿಸುತ್ತದೆ. ಬಚ್ಚಲಲ್ಲಿ ಅಷ್ಟು ಹೊತ್ತು ನಲ್ಲಿ ಯಾಕೆ ಬಿಟ್ಟಿರ್ತೀರಿ ಅತ್ತೆ, ಏನಾದ್ರೂ ತೊಂದ್ರೆನಾ ಅಂತ ಕೇಳಿದಳು.

ನಿನ್ನ ಕೆಲಸ ನೀನು ನೋಡ್ಕೋ ಅಂದುಬಿಟ್ಟೆ. ಈ ಮನೆಗೆ ಬಂದಾಗಿನಿಂದ ಅವಳಿಗೆ ನಾನು ಗದರಿದ್ದಿಲ್ಲ. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಅವಳ ಕೆಲಸ ಅಂದರೆ ಏನು, ಅಲುಗದೆ ಮಲಗಿರೋದು.

ಅಕ್ಟೋಬರ್ 4, ಶನಿವಾರ

ಬುಧವಾರ ಮಾತಾಡಬೇಕಲ್ಲ, ಪಾಸ್ಟರಮ್ಮನ ಹತ್ತಿರ ಹೋಗಿದ್ದೆ. ಅಡುಗೆಮನೆಯಲ್ಲಿ ನೆಲ ಒರೆಸುತ್ತಿದ್ದರು, ಒದ್ದೆ ನೆಲ ದಾಟಿ ಬನ್ನಿ ಅಂತ ಕುರ್ಚಿ ತೋರಿಸಿದರು. ನನಗೊಂದು ಮಾತು ಅರ್ಥವಾಗಿಲ್ಲ ಅಂದೆ. ಅವಳಿಗೆ ವಾಸಿಯಾಗಿಬಿಟ್ಟಿತ್ತು. ಮೆಲ್ಲಗೆ ಮನೆಗೆ ಹೋಗಬಹುದಿತ್ತು. ಯೇಸು ಕೊಡಬೇಕಾದ್ದು ಕೊಟ್ಟಾಗಿತ್ತು. ಆಮೇಲೂ ಅವಳನ್ನು ಹುಡುಕಿ, ಅಷ್ಟು ಗಂಡಸರ ಎದುರಿಗೆ ಆ ವಿಷಯ ಬಾಯಿಬಿಡಿಸಿದ್ದು ಯಾಕೆ? ಅವಳ ಮಾನ ಹೋಗಲಿಲ್ಲವೇ?

ಅವರು ಒರೆಸುವ ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದರು.

"ನಿಜ ಹೇಳ್ಬೇಕಂದ್ರೆ ನಂಗೂ ಆ ಜಾಗ ಹಿಡಿಸಿಲ್ಲ. ಅವರಿಗೆ ಹೇಳ್ಬೇಡಿ," ಅಂತ ಪಾಸ್ಟರ ಕೋಣೆಯ ಕಡೆ ಕಣ್ಣು ತೋರಿಸಿದರು. ಇಬ್ಬರಿಗೂ ನಗು ಬಂತು. ಈ ಒಂದು ತಿಂಗಳಿನಿಂದ ನಾನು ನಕ್ಕಿದ್ದು ಅದೊಂದೇ ಸಲ ಇರಬೇಕು.

ಮನೆಗೆ ಬರುವ ದಾರಿಯಲ್ಲಿ ಮತ್ತೆ ಶುರುವಾಯಿತು. ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಬಂದೆ.

ಅಕ್ಟೋಬರ್ 8, ಬುಧವಾರ

ಮಾತಾಡಿದೆ. ನಂಬಿಕೆ ಇದ್ದರೆ ಬಟ್ಟೆಯ ಅಂಚು ಸಾಕು ಅಂತ ಬರೆದುಕೊಂಡು ಹೋಗಿದ್ದನ್ನೇ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಉದ್ದ ಮೇಜಿನ ಅಂಚನ್ನು ಹಿಡಿದೇ ನಿಂತಿದ್ದೆ, ಬಿಟ್ಟರೆ ಬೀಳುತ್ತೇನೋ ಅನ್ನಿಸುತ್ತಿತ್ತು.

ಮುಗಿಯಿತು ಅಂತ ಕೂರಬೇಕು, ಅಷ್ಟರಲ್ಲಿ ಮೇಷ್ಟ್ರಮ್ಮ ಕೈಯೆತ್ತಿದರು. ಶಾಲೆಯ ಕೆಲಸ ಬಿಟ್ಟು ಎಷ್ಟೋ ಕಾಲವಾದರೂ ಅವರು ಕೈಯೆತ್ತದೆ ಮಾತಾಡುವುದಿಲ್ಲ. ಕಿವಿ ಸ್ವಲ್ಪ ಮಂದ, ಅದಕ್ಕೆ ದನಿ ಜೋರು.

"ಇವಳು ಅಷ್ಟೊಂದು ಹೇಳೋವರೆಗೆ ಆ ಅಪ್ಪ ಏನ್ಮಾಡ್ತಿದ್ದ?"

ಕಾಯ್ತಿದ್ದ ಅಂತ ಯಾರೋ ಅಂದರು. ಪಾಪ ಅಂತ ಇನ್ನೊಬ್ಬರು. ನನ್ನ ಬಾಯಿಂದ ಬಂದದ್ದು ಬೇರೆ. "ಕೇಳಿಸ್ಕೊಳ್ತಿದ್ದ," ಅಂದೆ.

ಎಲ್ಲರೂ ನನ್ನ ಕಡೆ ನೋಡಿದರು. ಹಾಳೆಯಲ್ಲಿ ಆ ಮಾತು ಇರಲಿಲ್ಲ. ಆದರೂ ಹೇಳುತ್ತ ಹೋದೆ. ಅವನು ಪಕ್ಕದಲ್ಲೇ ನಿಂತಿದ್ದ. ಹನ್ನೆರಡು ವರ್ಷ ಯಾರ ಕೈಲೂ ಆಗದ್ದು ಆಯಿತು ಅಂತ ಅವಳ ಬಾಯಿಂದಲೇ ಕೇಳಿಸಿಕೊಂಡ. ಹೆದರಿ ನಡುಗುತ್ತಿದ್ದವಳನ್ನು ಯೇಸು ಮಗಳೇ ಅಂತ ಕರೆದದ್ದನ್ನೂ ಕೇಳಿಸಿಕೊಂಡ. ಅದಾದ ಕೂಡಲೇ ಮನೆಯಿಂದ ಸುದ್ದಿ ಬಂತು. ಹೆದರಬೇಡ, ನಂಬು, ನಡಿ ಅಂತ ಯೇಸು ಅಂದಾಗ ಅವನು ಹೇಗೆ ನಡೆದ? ಮಗಳು ಸತ್ತಳು ಅಂದ ಮೇಲೆ ಕಾಲು ಹೇಗೆ ಎದ್ದಿತು? ಅವಳು ಹೇಳಿದ್ದು ಕಿವಿಯಲ್ಲಿತ್ತು. ಹಿಡಿದುಕೊಳ್ಳೋಕೆ ಅವನಿಗೆ ಅದೊಂದೇ ಇತ್ತು. ಅವಳು ಬಾಯಿಬಿಡದೆ ಹೋಗಿದ್ದರೆ ಅವನು ಬರಿಗೈಯಲ್ಲಿ ಆ ಸುದ್ದಿ ಕೇಳಬೇಕಾಗಿತ್ತು. ಯೇಸು ಅವನ ಮನೆಗೆ ಹೋಗಿ ಆ ಹುಡುಗಿಯನ್ನು ಕೈಹಿಡಿದು ಎಬ್ಬಿಸಿದ್ದು ಆಮೇಲೆ.

ಪಾಸ್ಟರಮ್ಮ ನನ್ನನ್ನೇ ನೋಡುತ್ತಿದ್ದರು. ಮೇಷ್ಟ್ರಮ್ಮ, ಇನ್ನೊಂದ್ಸಲ ಜೋರಾಗಿ ಹೇಳಮ್ಮ ಅಂದರು.

ಎಲ್ಲಿಂದ ಬಂತೋ ಆ ಮಾತು. ಸುಸ್ತಾಗಿದೆ. ಬರುವಾಗ ಸೋಪು ತರೋದು ಮರೆತೆ.

ಅಕ್ಟೋಬರ್ 10, ಶುಕ್ರವಾರ

ಸೊಸೆಯ ಹಾಸಿಗೆಯ ಬಟ್ಟೆ ಬದಲಾಯಿಸುತ್ತಿದ್ದೆ. ಮಲಗಿದವರನ್ನು ಎಬ್ಬಿಸದೆ ಬದಲಾಯಿಸಬೇಕು. ಒಂದು ಮಗ್ಗುಲಿಗೆ ತಿರುಗಿಸಿ, ಹಳೆಯದನ್ನು ಬೆನ್ನಿನ ಹತ್ತಿರಕ್ಕೆ ಸುತ್ತಿಕೊಂಡು ಬಂದು, ಹೊಸದನ್ನು ಹಾಸುತ್ತ ಹೋಗಬೇಕು. ಅವಳು ಗೋಡೆ ಕಡೆ ತಿರುಗಿದ್ದಳು. ಅವಳ ಬೆನ್ನು, ಕುತ್ತಿಗೆಯ ಮೇಲೆ ಬೆವರಿಗೆ ಅಂಟಿದ ಕೂದಲು ಕಾಣುತ್ತಿತ್ತು. ಮುಖ ಕಾಣುತ್ತಿದ್ದರೆ ನನ್ನ ಕೈಲಿ ಆಗುತ್ತಿರಲಿಲ್ಲ.

"ನಂಗೆ ರಕ್ತ ಹೋಗ್ತಿದೆ ಕಣಮ್ಮ," ಅಂದೆ.

"ಯಾವಾಗಿಂದ?"

"ಬೇಸಿಗೆಯಿಂದ."

ಅವಳು ತಿರುಗಲಿಲ್ಲ. ಅಯ್ಯೋ, ಏನು ಮಾಡಿಬಿಟ್ಟೆ, ಹೊಟ್ಟೆಯಲ್ಲಿರೋದಕ್ಕೆ ಏನಾದರೂ ಆದರೆ ಅಂದುಕೊಂಡೆ. ಆಮೇಲೆ ಅವಳ ಕೈ ಹಿಂದಕ್ಕೆ ಬಂದು ತಡಕಾಡಿತು. ನನ್ನ ಮಣಿಕಟ್ಟು ಸಿಕ್ಕಿದ ಮೇಲೆ ಗಟ್ಟಿಯಾಗಿ ಹಿಡಿದುಕೊಂಡಿತು.

ನಾನು ಎಲ್ಲ ಹೇಳಿದೆ. ಅಮ್ಮನ ವಿಷಯ, ಲಾಂಡ್ರಿಯಲ್ಲಿ ಬಿದ್ದದ್ದು, ಡಾಕ್ಟರ ಬಾಗಿಲ ತನಕ ಹೋಗಿ ಬಂದದ್ದು. ಅವಳು ಅಳುತ್ತಿದ್ದಳು. ನಿನ್ನನ್ನು ಹೆದರಿಸಿಬಿಟ್ಟೆ ಅಲ್ವಾ ಅಂದೆ.

"ಈ ಮನೇಲಿ ಹೆದರ್ಕೊಂಡಿರೋಳು ನಾನೊಬ್ಬಳೇ ಅಂದ್ಕೊಂಡಿದ್ದೆ ಅತ್ತೆ. ನೀವಿಬ್ರೂ ಅಷ್ಟು ಧೈರ್ಯವಾಗಿ ಓಡಾಡ್ತೀರಿ. ನಂಗೆ ದಿನಾ ಬೆಳಿಗ್ಗೆ ಕಣ್ಣು ಬಿಡೋಕೇ ಭಯ. ಯಾರ ಹತ್ರ ಹೇಳ್ಲಿ?"

ಹಾಸಿಗೆಯ ಬಟ್ಟೆ ಅರ್ಧಕ್ಕೇ ನಿಂತಿತ್ತು. ಆ ಅರ್ಧದ ಮೇಲೆ ನಾನು ಕೂತು, ಅವಳು ಮಲಗಿದ್ದಲ್ಲೇ, ಒಬ್ಬರ ಭಯ ಒಬ್ಬರಿಗೆ ಹೇಳಿಕೊಂಡೆವು. ಆಮೇಲೆ ಅವಳು ಕಣ್ಣೊರೆಸಿಕೊಂಡು, ಮಲಗಿದಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿದಳು. ನಾಳೆಗೇ ಸಮಯ ಕೊಡಿ, ನಮ್ಮತ್ತೆಗೆ ಅಂತ. ನಮ್ಮತ್ತೆ ಅನ್ನುವಾಗ ಆ ಫೋನಿನವಳಿಗೆ ಗದರಿಸಿದ ಹಾಗಿತ್ತು.

ಮಗ ಬಂದು ಕೇಳಿ, ಶೂ ಬಿಚ್ಚದೆ ಬಾಗಿಲ ಹತ್ತಿರ ನೆಲಕ್ಕೆ ಕೂತುಬಿಟ್ಟ. ಅಜ್ಜಿಗೂ ಹೀಗೇ ಅಲ್ವಾ ಆಗಿದ್ದು ಅಂದ. ಹೌದು ಅಂದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಊಟಕ್ಕೆ ಏನಿದೆ, ನಾನು ಬಡಿಸ್ತೀನಿ ಅಂದ.

ಅಕ್ಟೋಬರ್ 11, ಶನಿವಾರ

ಡಾಕ್ಟರು ಕೈ ತೊಳೆದುಕೊಳ್ಳುತ್ತ, ಎಷ್ಟು ದಿನದಿಂದ ಅಂತ ಕೇಳಿದರು. ಇದ್ದದ್ದು ಹೇಳಿದೆ. ಒಳಗಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ನೋವಾಯಿತು. ಮೇಲಿನ ದೀಪ ನೋಡುತ್ತ ಪ್ರಾರ್ಥನೆ ಮಾಡೋಣ ಅಂದುಕೊಂಡೆ, ಒಂದು ಮಾತೂ ಬರಲಿಲ್ಲ. ನಡುಗುತ್ತಿದ್ದೆ, ಅಷ್ಟೇ.

ಅಕ್ಟೋಬರ್ 21, ಮಂಗಳವಾರ

ಕ್ಯಾನ್ಸರ್.

ಅಕ್ಟೋಬರ್ 22, ಬುಧವಾರ

ಗರ್ಭಕೋಶದ ಒಳಪದರದಲ್ಲಿದೆ, ಹೊರಗೆ ಹರಡಿಲ್ಲ ಅಂತ ಸ್ಕ್ಯಾನಿನಲ್ಲಿ ಕಾಣುತ್ತಿದೆಯಂತೆ. ತೆಗೆದು ನೋಡಿದ ಮೇಲೇ ಖಚಿತ. ಇನ್ನೂ ತಡ ಮಾಡಿದ್ದರೆ ಬೇರೆ ಮಾತಾಡಬೇಕಾಗಿತ್ತು ಅಂದರು ಡಾಕ್ಟರು. ಜನವರಿವರೆಗೆ ಕಾದಿದ್ದರೆ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ.

ಕೂಟಕ್ಕೆ ಹೋಗಿ ಹೇಳಿದೆ. ಹೇಳುವಾಗ ದನಿ ಒಡೆಯಿತು, ಮೇಷ್ಟ್ರಮ್ಮನಿಗೆ ಕೇಳಿಸಲಿಲ್ಲ, ಮತ್ತೆ ಹೇಳಬೇಕಾಯಿತು. ಪ್ರಾರ್ಥನೆಯಾದ ಮೇಲೆ ಒಬ್ಬಾಕೆ ನನ್ನ ಜೊತೆ ಗೇಟಿನ ತನಕ ಬಂದು, ತನಗೂ ಎದೆಯಲ್ಲಿ ಒಂದು ಗಂಟು ಇದೆ, ಯಾರಿಗೂ ಹೇಳಿಲ್ಲ ಅಂದಳು. ನಾನು ಡಾಕ್ಟರ ಹೆಸರು, ಬಸ್ ನಂಬರು ಎಲ್ಲ ಹೇಳಿ, ಶುಕ್ರವಾರ ಜೊತೆಗೆ ಬರ್ತೀನಿ ಅಂದೆ.

ಲಾಂಡ್ರಿಯಲ್ಲೂ ರಜೆ ಕೇಳಬೇಕಾಯಿತು. ನಂಗೆ ಅವತ್ತೇ ಅನುಮಾನ ಬಂದಿತ್ತು ಕಣೇ, ನಿನ್ನ ಬಾಯಿಂದಲೇ ಬರಲಿ ಅಂತ ಕಾದೆ ಅಂದಳು ಉದ್ದಕ್ಕ. ಕಾಯಬಾರದಿತ್ತು ಅಂತಲೂ ಅಂದಳು.

ನವೆಂಬರ್ 4, ಮಂಗಳವಾರ

ಇವತ್ತು ಆಪರೇಷನ್. ಗಾಡಿ ಬರಲಿ ಅಂತ ಕಾಯುತ್ತಿದ್ದೇನೆ. ಬೆಳಿಗ್ಗೆ ಸೊಸೆ ಫೋನಿನಲ್ಲಿ, ಹೆದರಿಕೆ ಆಗ್ತಿದೆಯಾ ಅಂತ ಕೇಳಿದಳು. ತುಂಬಾ ಅಂದೆ. ನಂಗೂ ಅಂದಳು.

ನವೆಂಬರ್ 18, ಮಂಗಳವಾರ

ವರದಿ ಬಂತು. ಒಳಪದರ ದಾಟಿಲ್ಲ. ಔಷಧಿ ಬೇಡ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಹೋಗಿಯೇಬಿಟ್ಟಿತಾ ಅಂತ ಕೇಳಿದೆ. ಈಗ ಏನೂ ಕಾಣ್ತಿಲ್ಲ ಅಂದರು. ಅವರು ಅಷ್ಟೇ ಹೇಳಬಲ್ಲರು ಅಂತ ಕಾಣುತ್ತದೆ.

ನವೆಂಬರ್ 27, ಗುರುವಾರ

ಮೊದಲೇ ಬರೆದುಬಿಡುತ್ತೇನೆ, ಮಗು ಚೆನ್ನಾಗಿದೆ.

ನಾನೂ ಈಗ ಒಳಕೋಣೆಯಲ್ಲೇ ಮಲಗೋದು. ಭಾರ ಎತ್ತಬಾರದವಳು ನಾನು, ಏಳಬಾರದವಳು ಅವಳು. ಮಗ ಅಡುಗೆ ಮಾಡುತ್ತಾನೆ, ಉಪ್ಪಿನ ವಿಷಯ ನಾವು ಮಾತಾಡುವುದಿಲ್ಲ. ಇವತ್ತು ಮಧ್ಯಾಹ್ನ ಸೊಸೆ ನನ್ನ ಕೈ ಎಳೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಬೆಳಿಗ್ಗೆಯಿಂದ ಅಲ್ಲಾಡ್ತಿಲ್ಲ ಅತ್ತೆ ಅಂದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

ಮಗನಿಗೆ ಫೋನ್ ಮಾಡಿದೆ. ಬರುವಾಗಲೇ ಟ್ಯಾಕ್ಸಿ ತರ್ತೀನಿ ಅಂದ. ಅಲ್ಲಿಯವರೆಗೆ ನಾವಿಬ್ಬರೇ. ಏನೂ ಆಗಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಅವಳೇ ಕೇಳಿದಳು, "ಆಪರೇಷನ್ ದಿನ ಗಾಡಿಯಲ್ಲಿ ಮಲಗಿಸ್ಕೊಂಡು ಹೋಗುವಾಗ ಏನನ್ನಿಸ್ತು? ಹೇಳಿ."

ಹೇಳಿದೆ. ಒಂದನ್ನೂ ಬಚ್ಚಿಡಲಿಲ್ಲ. ಹಲ್ಲು ಕಟಕಟ ಅನ್ನುತ್ತಿತ್ತು ಅಂದೆ. ದೇವರು ಪಕ್ಕದಲ್ಲಿದ್ದಾನೆ ಅಂತ ಏನೂ ಅನ್ನಿಸಲಿಲ್ಲ ಅಂದೆ. ಮಗಳೇ ಅಂತ ಒಂದು ಸಲ ಯಾರಾದರೂ ಕರೆಯಬಾರದೇ ಅಂತ ಮಾತ್ರ ಅನ್ನಿಸಿತು, ಅಷ್ಟರಲ್ಲಿ ಮಂಪರು ಬಂತು, ಕಣ್ಣು ಬಿಟ್ಟಾಗ ನಿನ್ನ ಗಂಡ ನನ್ನ ಕಾಲು ಹಿಡಿದುಕೊಂಡು ಕೂತಿದ್ದ ಅಂದೆ. ಅವಳು ನನ್ನ ಬಾಯನ್ನೇ ನೋಡುತ್ತ ಕೇಳಿಸಿಕೊಂಡಳು. ಆಮೇಲೇನಾಯ್ತು, ಆಮೇಲೇನಾಯ್ತು ಅಂತ ಕೇಳುತ್ತಲೇ ಇದ್ದಳು.

ಟ್ಯಾಕ್ಸಿಯಲ್ಲಿ ಅವಳು ನನಗೆ ಒರಗಿದಳು. ಹೊಲಿಗೆ ಜಗ್ಗಿತು, ಒರಗಲಿ ಅಂತ ಬಿಟ್ಟೆ. ಆಸ್ಪತ್ರೆಯ ಬಾಗಿಲಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಇಳಿದೆವು. ಮುಖ ಎರಡೂ ಒಂದೇ ಬಣ್ಣ ಇದ್ದಿರಬೇಕು. ನರ್ಸ್ ಗಾಲಿಕುರ್ಚಿ ನೂಕಿಕೊಂಡು ಬಂದವಳು ನಮ್ಮಿಬ್ಬರನ್ನೂ ನೋಡಿ ನಿಂತುಬಿಟ್ಟಳು.

"ಇಬ್ಬರಲ್ಲಿ ತೋರಿಸ್ಬೇಕಾಗಿರೋದು ಯಾರಿಗೆ?"

"ಇವತ್ತು ನಂಗೆ," ಅಂದಳು ಸೊಸೆ. "ಇವರು ನನ್ನ ಜೊತೆ ಒಳಗೆ ಬರ್ತಾರೆ."